ಸಿಸಿ ಇಲ್ಲದೆ ಸಿಮ್ಸ್ 4: ಯಾರಿಗೆ ಸಾಕು, ಯಾರಿಗೆ ಸಾಲದು

ಶಿರಸಿಯಲ್ಲಿರುವ ಚಿಕ್ಕಮ್ಮನ ಮಗಳೂ ನಾನೂ ಒಂದೇ ಆಟ ಆಡುತ್ತೇವೆ: ಸಿಮ್ಸ್ 4. ಸಿಮ್ ಎಂಬ ಪುಟ್ಟ ಮನುಷ್ಯರನ್ನು ಮಾಡಿ, ಅವರಿಗೆ ಮನೆ ಕಟ್ಟಿ, ಅವರ ಬದುಕು ನಡೆಸುವ ಕಂಪ್ಯೂಟರ್ ಆಟ ಅದು. ಆದರೆ ಇಬ್ಬರ ಪರದೆಯನ್ನು ಪಕ್ಕಪಕ್ಕ ಇಟ್ಟರೆ ಒಂದೇ ಆಟ ಅಂತ ಯಾರೂ ನಂಬಲಿಕ್ಕಿಲ್ಲ. ಅವಳ ಸಿಮ್‌ಗಳ ಕೂದಲು ಎಳೆ ಎಳೆಯಾಗಿ ಕಾಣುತ್ತದೆ. ಕಿವಿಯಲ್ಲಿ ಜುಮುಕಿ ಇದೆ. ಅಡುಗೆಮನೆ ಕಪಾಟಿನ ತುಂಬ ಪುಟ್ಟ ಪುಟ್ಟ ಡಬ್ಬಿಗಳಿವೆ. ಎಲ್ಲವೂ ಬೇರೆ ಆಟಗಾರರು ಮಾಡಿ ಹಂಚಿದ್ದು, ಅವಳು ಡೌನ್‌ಲೋಡ್ ಮಾಡಿಕೊಂಡಿದ್ದು. ಇದನ್ನೇ ಸಿಸಿ ಅನ್ನುವುದು. ಅವನ್ನೆಲ್ಲ ಇಡುವ ಅವಳ ಮಾಡ್ಸ್ ಫೋಲ್ಡರ್ 11 ಜಿಬಿ ಇದೆ. ಕಾರವಾರದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫೋಲ್ಡರ್ ಎರಡು ವರ್ಷದಿಂದ ಖಾಲಿ ಇದೆ.

ಹೊಸದಾಗಿ ಆಡಲು ಶುರು ಮಾಡಿದವರು ನಮ್ಮಿಬ್ಬರನ್ನೂ ಕೇಳುವುದು ಒಂದೇ ಪ್ರಶ್ನೆ. ಸಿಸಿ ಹಾಕಬೇಕಾ, ಬೇಡವಾ? ನನ್ನ ಉತ್ತರ ಇದು: ಮೊದಲು ಮೂರು ತಿಂಗಳು ಹಾಕದೆ ಆಡಿ. ಆಮೇಲೆ ಏನು ಕಡಿಮೆ ಅನಿಸುತ್ತದೋ ಅದನ್ನು ಮಾತ್ರ ಹುಡುಕಿ. ಯಾಕೆ ಹೀಗೆ ಹೇಳುತ್ತೇನೆ, ಯಾರಿಗೆ ಈ ಮಾತು ಒಪ್ಪುವುದಿಲ್ಲ, ಎರಡನ್ನೂ ಬಿಡಿಸಿ ಬರೆಯುತ್ತೇನೆ.

ಮೊದಲು ಶಬ್ದಗಳನ್ನು ಸರಿಮಾಡಿಕೊಳ್ಳೋಣ

ಸಿಸಿ ಅಂದರೆ ಕಸ್ಟಮ್ ಕಂಟೆಂಟ್. ಆಟ ಮಾಡಿದವರಲ್ಲ, ಆಡುವವರು ತಯಾರಿಸಿದ ಬಟ್ಟೆ, ಕೂದಲು, ಕುರ್ಚಿ, ಕಿಟಕಿ. ಸ್ಕ್ರಿಪ್ಟ್ ಮಾಡ್ ಬೇರೆ. ಅದು ಹೊಸ ಸಾಮಾನು ಕೊಡುವುದಿಲ್ಲ, ಆಟ ನಡೆಯುವ ರೀತಿಯನ್ನೇ ಬದಲಿಸುತ್ತದೆ. ಎರಡೂ ಹೋಗಿ ಕೂರುವುದು ಒಂದೇ ಮಾಡ್ಸ್ ಫೋಲ್ಡರಿನಲ್ಲಿ, ಹಾಗಾಗಿ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇವೆರಡೂ ಅಲ್ಲದ್ದು ಪ್ಯಾಕ್: ಕಂಪನಿಯೇ ಮಾಡಿ ದುಡ್ಡಿಗೆ ಮಾರುವುದು. ಇನ್ನೊಂದು ಗ್ಯಾಲರಿ. ಬೇರೆ ಆಟಗಾರರು ಕಟ್ಟಿದ ಮನೆ, ಕೋಣೆ, ಕುಟುಂಬಗಳನ್ನು ಆಟದ ಒಳಗಿಂದಲೇ ಪುಕ್ಕಟೆ ಇಳಿಸಿಕೊಳ್ಳುವ ಜಾಗ ಅದು. ಗ್ಯಾಲರಿಯ ಮನೆಗಳು ಸಿಸಿ ಅಲ್ಲ. ಆಟದಲ್ಲಿ ಇರುವ ಸಾಮಾನುಗಳಿಂದಲೇ ಕಟ್ಟಿದ್ದನ್ನು ಮಾತ್ರ ತೋರಿಸು ಅಂತ ಅಲ್ಲಿ ಆರಿಸಿಕೊಳ್ಳಬಹುದು.

ಅಂದರೆ ನಿಮ್ಮ ಮುಂದೆ ಇರುವುದು ಎರಡು ದಾರಿಯಲ್ಲ, ನಾಲ್ಕು. ಬರೀ ಬೇಸ್ ಗೇಮ್ (ಯಾವ ಪ್ಯಾಕೂ ಸೇರಿಸದ ಮೂಲ ಆಟ) ಮತ್ತು ಗ್ಯಾಲರಿ. ಅದರ ಮೇಲೆ ಒಂದೆರಡು ಪ್ಯಾಕ್. ಸಾಮಾನು ಬೇಡ, ಒಂದೆರಡು ಸ್ಕ್ರಿಪ್ಟ್ ಮಾಡ್ ಸಾಕು ಎನ್ನುವುದು. ಕೊನೆಗೆ ಮನಸ್ಸು ತುಂಬುವಷ್ಟು ಸಿಸಿ.

ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇದ್ದವರಿಗೆ ಈ ಚಿಂತೆಯೇ ಇಲ್ಲ. ಅಲ್ಲಿ ಸಿಸಿ, ಮಾಡ್ ಎರಡನ್ನೂ ಹಾಕಲು ಬರುವುದಿಲ್ಲ. ಮೊದಲೆರಡು ದಾರಿಗಳ ಬಗ್ಗೆ ಬರೆದದ್ದನ್ನು ಮಾತ್ರ ಓದಿದರೆ ಸಾಕು.

"ಸಿಸಿ ಇಲ್ಲದಿದ್ದರೆ ಆಟ ಖಾಲಿ" ಎನ್ನುವುದು ಹಳೆಯ ಮಾತು

ಆ ಮಾತು ಸುಳ್ಳಾಗಿರಲಿಲ್ಲ. ಸಿಮ್ಸ್ 4 ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಆಗ ಅದರಲ್ಲಿ ಈಜುಕೊಳ ಇರಲಿಲ್ಲ. ಅಂಬೆಗಾಲು ಬಿಟ್ಟು ಆಗಷ್ಟೇ ನಡೆಯಲು ಕಲಿಯುವ ವಯಸ್ಸಿನ ಮಕ್ಕಳೂ ಇರಲಿಲ್ಲ. ತೊಟ್ಟಿಲ ಕೂಸು ನೇರವಾಗಿ ಶಾಲೆಗೆ ಹೋಗುವ ಮಗುವಾಗಿ ಎದ್ದು ನಿಲ್ಲುತ್ತಿತ್ತು. ಸಿಮ್ಸ್ 3ರಲ್ಲಿ ಯಾವ ಕುರ್ಚಿಗೆ ಬೇಕಾದರೂ ನಮಗೆ ಬೇಕಾದ ಬಣ್ಣ ಹಚ್ಚಬಹುದಿತ್ತು, ಇದರಲ್ಲಿ ಅದನ್ನು ತೆಗೆದು, ಅವರು ಕೊಟ್ಟ ಬಣ್ಣಗಳಲ್ಲೇ ಆರಿಸಿಕೊಳ್ಳಿ ಎಂದರು. ಜನರಿಗೆ ಬೇಜಾರಾಯಿತು. ಆ ಖಾಲಿ ಜಾಗವನ್ನು ತುಂಬಿದ್ದೇ ಸಿಸಿ ಮಾಡುವವರು.

ಆದರೆ ಅಂದಿನಿಂದ ಆಟ ಎಷ್ಟೋ ಬದಲಾಗಿದೆ. ಈಜುಕೊಳ ಅದೇ ವರ್ಷದ ನವೆಂಬರಿನಲ್ಲಿ ಬಂತು. ಪುಟ್ಟ ಮಕ್ಕಳು 2017ರ ಜನವರಿಯಲ್ಲಿ ಬಂದರು. 2020ರ ಡಿಸೆಂಬರಿನಲ್ಲಿ ನೂರಕ್ಕೂ ಜಾಸ್ತಿ ಹೊಸ ಮೈಬಣ್ಣಗಳು ಸೇರಿದವು. ಇದು ನಮಗೆ ತುಂಬ ಮುಖ್ಯ. ಅದಕ್ಕೂ ಮೊದಲು ನಮ್ಮಂಥವರ ಕಂದು ಮೈಬಣ್ಣ ಮಾಡಲು ಹೋದರೆ ಬೂದಿ ಬಳಿದ ಹಾಗೆ ಕಾಣುತ್ತಿತ್ತು, ಅದಕ್ಕಾಗಿಯೇ ಎಷ್ಟೋ ಜನ ಮೊದಲ ಸಲ ಸಿಸಿ ಹಾಕಿಕೊಂಡರು. ಈಗ ಹಗುರ, ಗಾಢ ಮಾಡಿಕೊಳ್ಳಲು ಸ್ಲೈಡರ್ ಕೂಡ ಇದೆ. ನನ್ನ ಅಪ್ಪನ ಬಣ್ಣ, ಸಮುದ್ರದ ಬಿಸಿಲಲ್ಲಿ ಸುಟ್ಟ ಆ ಕಂದು, ನನಗೆ ಎರಡು ನಿಮಿಷದಲ್ಲಿ ಸಿಕ್ಕಿತು. ಕೂಸುಗಳು 2023ರ ಮಾರ್ಚಿನಲ್ಲಿ ತೊಟ್ಟಿಲಿನಿಂದ ಹೊರಗೆ ಬಂದವು. ನಾನು ಹೇಳಿದ ಇಷ್ಟೂ ಪುಕ್ಕಟೆ ಸಿಕ್ಕ ಸೇರ್ಪಡೆಗಳು. 2022ರ ಅಕ್ಟೋಬರ್ 18ರಿಂದ ಬೇಸ್ ಗೇಮ್ ಕೂಡ ಪುಕ್ಕಟೆ.

ಹಾಗಾಗಿ ಯಾರಾದರೂ ಸಿಸಿ ಇಲ್ಲದೆ ಆಗುವುದೇ ಇಲ್ಲ ಎಂದರೆ, ಅವರು ಯಾವ ವರ್ಷದ ಆಟದ ಬಗ್ಗೆ ಹೇಳುತ್ತಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ.

ಮನೆ ಕಟ್ಟುವವರಿಗೆ: ಜಗಲಿಯ ಲೆಕ್ಕ

ನನ್ನ ಮನಸ್ಸು ಬದಲಾಗಿದ್ದು ಇಲ್ಲಿ. ಕುಮಟಾ ಹತ್ತಿರ ನಮ್ಮ ಅಜ್ಜಿಮನೆ ಇತ್ತು. ಹಂಚಿನ ಮಾಡು, ಮುಂದೆ ಜಗಲಿ, ನಡುವೆ ಬಯಲು ಅಂಗಳ, ಹಿತ್ತಲಿನಲ್ಲಿ ಬಚ್ಚಲುಮನೆ, ಅದರಲ್ಲಿ ದೊಡ್ಡ ತಾಮ್ರದ ಹಂಡೆ. ಆ ಮನೆ ಈಗ ಇಲ್ಲ. ಅದನ್ನು ಆಟದಲ್ಲಿ ಕಟ್ಟಬೇಕು ಅಂತ ನನ್ನ ಆಸೆ. ಮೊದಲು ಸಿಸಿ ಹುಡುಕಿದೆ. ಭಾರತೀಯ ಸಾಮಾನು ಎಂದು ಹುಡುಕಿದರೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಅರಮನೆಯ ಕಮಾನು, ಜರಿ ದಿಂಬು, ಉತ್ತರದ ಹವೇಲಿಯ ಬಾಗಿಲು. ಚೆಂದವೇ ಇದ್ದವು, ಆದರೆ ನಮ್ಮ ಕಡೆಯ ಜಗಲಿ ಅದರಲ್ಲಿ ಇರಲಿಲ್ಲ. ಇರುವ ಸಾಮಾನಿನಲ್ಲೇ ಕಟ್ಟಿ ನೋಡೋಣ ಅಂತ ಕೂತೆ.

ಜಗಲಿಗೆ ದಾರಿ ಪ್ಲಾಟ್‌ಫಾರ್ಮ್ ಸಾಧನ. 2020ರಲ್ಲಿ ಬಂದದ್ದು, ಪುಕ್ಕಟೆ. ನೆಲದ ಒಂದು ಭಾಗವನ್ನಷ್ಟೇ ನಿಮಗೆ ಬೇಕಾದಷ್ಟು ಎತ್ತರಿಸಬಹುದು. ಗೋಡೆಯ ಉದ್ದಕ್ಕೂ ಎರಡು ಚೌಕ ಅಗಲದ ಪ್ಲಾಟ್‌ಫಾರ್ಮ್ ಎಳೆದು, ಕೂತರೆ ಕಾಲು ಇಳಿಬಿಡುವಷ್ಟು ಎತ್ತರ ಇಟ್ಟು, ಮೇಲೆ ಕಪ್ಪು ಮಿಶ್ರಿತ ಕೆಂಪು ನೆಲ ಹಾಕಿದೆ. ಮುಂದೆ ಸಾಲಾಗಿ ಮರದ ಕಂಬಗಳು. ಮಾಡಿನ ಇಳಿಜಾರನ್ನು ಹೆಚ್ಚಿಸಿ, ಸೂರನ್ನು ಜಗಲಿಯ ಆಚೆಗೂ ಎಳೆದೆ. ಶಿಫ್ಟ್ ಹಿಡಿದು ಎಳೆದರೆ ಒಂದೇ ಬದಿಯ ಸೂರು ಮುಂದೆ ಬರುತ್ತದೆ. ಇದು ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು, ನಿಮಗೆ ಬೇಡ ಅಂತ ಇಲ್ಲೇ ಹೇಳುತ್ತಿದ್ದೇನೆ. ಮಣ್ಣಿನ ಹಂಚಿನ ಬಣ್ಣ ಬೇಸ್ ಗೇಮಿನಲ್ಲೇ ಇದೆ. ನಡುವಿನ ಅಂಗಳದ ಚಾವಣಿ ತೆಗೆದು ಬಯಲು ಬಿಟ್ಟೆ.

ತುಳಸಿಕಟ್ಟೆಗೆ ಸ್ವಲ್ಪ ಕಷ್ಟಪಡಬೇಕಾಯಿತು. ಅಂಥ ಸಾಮಾನು ಇಲ್ಲ. ಇಲ್ಲಿ ಕೆಲಸಕ್ಕೆ ಬಂದದ್ದು ಚೀಟ್, ಅಂದರೆ ಆಟದ ನಿಯಮ ಸಡಿಲಿಸಲು ಬರೆಯುವ ಆದೇಶ. ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಮೇಲೆ ಬರೆಯುವ ಜಾಗ ಬರುತ್ತದೆ. ಅಲ್ಲಿ ‘ಬಿಬಿ.ಮೂವ್‌ಆಬ್ಜೆಕ್ಟ್ಸ್ ಆನ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ವಸ್ತುವಿನ ಒಳಗೆ ಇನ್ನೊಂದನ್ನು ತೂರಿಸಬಹುದು. ಆಲ್ಟ್ ಹಿಡಿದರೆ ಚೌಕಗಳ ಹಂಗಿಲ್ಲದೆ ಎಲ್ಲಿ ಬೇಕಾದರೂ ಇಡಬಹುದು. ಕಂಟ್ರೋಲ್ ಜೊತೆ 9 ಒತ್ತಿದರೆ ವಸ್ತು ಮೇಲೇರುತ್ತದೆ, 0 ಒತ್ತಿದರೆ ಇಳಿಯುತ್ತದೆ. ಶಿಫ್ಟ್ ಹಿಡಿದು ಚೌಕ ಆವರಣದ ಕೀ ಒತ್ತಿದರೆ ದೊಡ್ಡದು, ಚಿಕ್ಕದು ಆಗುತ್ತದೆ. ಒಂದು ಗಿಡ್ಡ ಕಂಬ, ಅದರ ತಲೆಯಲ್ಲಿ ಚಿಕ್ಕದು ಮಾಡಿದ ಹಸಿರು ಗಿಡ, ಕೆಳಗೆ ಒಂದು ಚೌಕ ಪ್ಲಾಟ್‌ಫಾರ್ಮ್. ಅಷ್ಟೇ. ಹಂಡೆಗೆ ಒಂದು ಹೂಕುಂಡವನ್ನೇ ದೊಡ್ಡದು ಮಾಡಿ, ತಾಮ್ರಕ್ಕೆ ಹತ್ತಿರದ ಬಣ್ಣ ಆರಿಸಿ, ಅರ್ಧ ನೆಲದೊಳಗೆ ಇಳಿಸಿದೆ.

ಇನ್ನೊಂದು ಚೀಟ್ ‘ಬಿಬಿ.ಶೋಲೈವ್‌ಎಡಿಟ್‌ಆಬ್ಜೆಕ್ಟ್ಸ್’. ಆಟದ ಊರುಗಳ ಹಿನ್ನೆಲೆಯಲ್ಲಿ ಕಾಣುವ, ಅಂಗಡಿಯಲ್ಲಿ ಸಿಗದ ಮರ, ಬಂಡೆ, ಪೊದೆ, ಚಿಲ್ಲರೆ ಸಾಮಾನು ಎಲ್ಲ ಇದರಿಂದ ಕೈಗೆ ಸಿಗುತ್ತದೆ. ಇವು ಸಿಸಿ ಅಲ್ಲ, ಆಟದ ಹೊಟ್ಟೆಯಲ್ಲೇ ಇರುವಂಥವು. ಎತ್ತರದ ತಾಳೆ ಜಾತಿಯ ಮರಗಳನ್ನು ತೆಳ್ಳಗೆ ಕಾಣುವಂತೆ ಸಾಲಾಗಿ ನೆಟ್ಟರೆ ದೂರದಿಂದ ಅಡಿಕೆ ತೋಟ ಅನ್ನಬಹುದು. ಹತ್ತಿರ ಹೋದರೆ ಅಲ್ಲ.

ಕಟ್ಟಿ ಮುಗಿಸಿದ ಮೇಲೆ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮನೆ ಜಗಲಿ ಅಲ್ದಾ!" ಎಂದಳು. ಆಮೇಲೆ ತುಂಬ ಹೊತ್ತು ನೋಡುತ್ತಲೇ ಇದ್ದಳು. ಬಚ್ಚಲಿನ ಬಾಗಿಲು ಎಡಕ್ಕಿತ್ತು, ಬಲಕ್ಕಲ್ಲ ಅಂತ ತಿದ್ದಿದಳು.

ಮನೆ ಕಟ್ಟುವುದೇ ನಿಮ್ಮ ಆಸಕ್ತಿ ಆಗಿದ್ದರೆ, ಸಿಸಿ ಇಲ್ಲದೆ ಶುರು ಮಾಡಿ ಅಂತ ಧೈರ್ಯವಾಗಿ ಹೇಳುತ್ತೇನೆ. ಸಿದ್ಧ ಸಾಮಾನು ಸಿಕ್ಕಾಗ ನಾವು ಅದನ್ನು ಇಟ್ಟು ಮುಂದೆ ಹೋಗುತ್ತೇವೆ. ಸಿಗದಾಗ ಆ ವಸ್ತುವಿನ ಆಕಾರ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಇನ್ನೊಂದು ಲಾಭ: ಹೀಗೆ ಕಟ್ಟಿದ ಮನೆಯನ್ನು ಗ್ಯಾಲರಿಗೆ ಹಾಕಿದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೇಸ್ ಗೇಮ್ ಸಾಮಾನಿನಿಂದಲೇ ಕಟ್ಟಿದ್ದಾದರೆ ಒಂದು ಕಂಬವೂ ತಪ್ಪುವುದಿಲ್ಲ. ತಂಗಿಯ ಮನೆಗಳನ್ನು ನಾನು ಇಳಿಸಿಕೊಂಡರೆ ಅರ್ಧ ಸಾಮಾನು ಕಾಣೆಯಾಗಿರುತ್ತದೆ.

ಬಟ್ಟೆ, ಕೂದಲು, ಒಡವೆ: ಇಲ್ಲಿ ಸಿಸಿಯೇ ಮೇಲು

ಇದನ್ನು ಒಪ್ಪಿಕೊಳ್ಳಲೇಬೇಕು. ಸೀರೆ ನೆರಿಗೆ ಸರಿಯಾಗಿ ಬೀಳಬೇಕು, ಮೂಗುಬೊಟ್ಟು ಬೇಕು, ಜಡೆಗೆ ಅಬ್ಬಲಿಗೆ ದಂಡೆ ಬೇಕು ಎನ್ನುವವರಿಗೆ ಬೇಸ್ ಗೇಮ್ ಸಾಲುವುದಿಲ್ಲ. ದುಡ್ಡು ಕೊಡುವ ಪ್ಯಾಕುಗಳಲ್ಲಿ ಸ್ವಲ್ಪ ಸಿಗುತ್ತದೆ. 2021ರಲ್ಲಿ ಬಂದ ಫ್ಯಾಷನ್ ಸ್ಟ್ರೀಟ್ ಎಂಬ ಪುಟ್ಟ ಕಿಟ್ ಮುಂಬೈಯ ಬೀದಿ ಬಟ್ಟೆಗಳನ್ನು ನೋಡಿ ಮಾಡಿದ್ದು. ಆದರೆ ಅದು ಮುಂಬೈ ಕಾಲೇಜು ಹುಡುಗಿಯರ ಉಡುಪು. ಅಂಕೋಲಾ ಕಡೆಯ ಹಾಲಕ್ಕಿ ಅಜ್ಜಿಯರು ಕುತ್ತಿಗೆ ತುಂಬ ಹಾಕುವ ಮಣಿಸರ, ಅವರು ಸೀರೆ ಉಡುವ ರೀತಿ ಅದರಲ್ಲಿಲ್ಲ. ಸಿಸಿಯಲ್ಲಿ ನಾನು ಹುಡುಕಿದ ಕಡೆಗಳಲ್ಲೂ ಅದು ಸಿಕ್ಕಿಲ್ಲ. ಸೀರೆ, ಬಳೆ, ಜುಮುಕಿ ಮಾತ್ರ ಬೇಕಾದಷ್ಟಿವೆ, ತುಂಬ ಒಳ್ಳೆಯ ಕೈಕೆಲಸದವೂ ಇವೆ. ಸಿಮ್‌ಗಳನ್ನು ಸಿಂಗರಿಸಿ ಫೋಟೋ ತೆಗೆಯುವುದೇ ನಿಮಗೆ ಖುಷಿ ಅಂದರೆ ಸಿಸಿ ಹಾಕಿಕೊಳ್ಳಿ, ಸುಮ್ನೆ ಹಠ ಬೇಡ. ತಂಗಿ ಮಾಡಿದ ಮದುಮಗಳ ಚಿತ್ರ ನೋಡಿದರೆ ನನಗೂ ಆಸೆಯಾಗುತ್ತದೆ.

ನಮ್ಮೂರಿನ ಮಳೆ, ಕರೆಂಟು, ನೆಟ್ಟು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ. ಜೂನ್ ಹಿಡಿದ ಮೇಲೆ ನಮ್ಮ ಕರಾವಳಿಯಲ್ಲೂ ಘಟ್ಟದ ಮೇಲೂ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಅಂದರೆ ಮೊಬೈಲಿನ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿ ಸಿಗುವ ಪ್ಲಾನಿನಲ್ಲಿ ತಂಗಿಯ 11 ಜಿಬಿ ಇಳಿಸಲು ಬೇರೇನೂ ಮಾಡದಿದ್ದರೂ ಎಂಟು ದಿನ ಬೇಕು. ಬೇಸ್ ಗೇಮ್ ಇಳಿಸುವುದೇ ದೊಡ್ಡ ಕೆಲಸ. ಅದನ್ನು ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ.

ಲ್ಯಾಪ್‌ಟಾಪಿನ ಲೆಕ್ಕ ಇನ್ನೂ ಮುಖ್ಯ. ಈ ಆಟಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಇದ್ದರೆ ಆರಾಮ. ಸಿಸಿ ಕೂದಲು ಅಷ್ಟು ಚೆಂದ ಕಾಣುವುದು ಅದರಲ್ಲಿ ಆಟದ ಸ್ವಂತ ಕೂದಲಿಗಿಂತ ಎಷ್ಟೋ ಪಟ್ಟು ಹೆಚ್ಚು ವಿವರ ಇರುವುದರಿಂದ. ಆ ಭಾರವನ್ನೆಲ್ಲ ನಿಮ್ಮ ಯಂತ್ರ ಹೊರಬೇಕು. ಫೈಲುಗಳು ಹೆಚ್ಚಿದಷ್ಟೂ ಆಟ ತೆರೆಯುವ ಹೊತ್ತೂ ಹೆಚ್ಚುತ್ತದೆ. ತಂಗಿ ಆಟ ಶುರು ಮಾಡಿ, ಅವಲಕ್ಕಿ ಕಲಸಿಕೊಂಡು ಬಂದರೂ ಅದು ತೆರೆದಿರುವುದಿಲ್ಲ. ಮಳೆಗಾಲದಲ್ಲಿ ಬ್ಯಾಟರಿ ಎರಡು ಗಂಟೆ ಬರುತ್ತದೆ ಅಂದರೆ ಅದರಲ್ಲಿ ಹತ್ತು ನಿಮಿಷ ಕಾಯುವುದಕ್ಕೇ ಹೋಗುತ್ತದೆ. 4 ಜಿಬಿ ಲ್ಯಾಪ್‌ಟಾಪ್ ಇದ್ದವರು ಸಿಸಿಯ ಯೋಚನೆ ಬಿಡುವುದು ಒಳ್ಳೆಯದು. ಈ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನು ಅಪ್‌ಡೇಟ್. ಆಟದ ಹೊಸ ಅಪ್‌ಡೇಟ್ ಬಂದಾಗಲೆಲ್ಲ ಸಿಸಿ ಮತ್ತು ಸ್ಕ್ರಿಪ್ಟ್ ಮಾಡ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಸೆಟ್ಟಿಂಗ್ಸಿನಲ್ಲಿ ಮತ್ತೆ ಆನ್ ಮಾಡಬೇಕು. ಕೆಲವು ಹೊಸ ಅಪ್‌ಡೇಟಿಗೆ ಹೊಂದಿಕೊಳ್ಳದೆ ಕೆಡುತ್ತವೆ, ಅದನ್ನು ಮಾಡಿದವರು ಸರಿಪಡಿಸುವ ತನಕ ಕಾಯಬೇಕು. ಯಾವುದು ಕೆಟ್ಟಿದೆ ಅಂತ ಹುಡುಕಲು ಅರ್ಧದಷ್ಟು ಫೈಲು ಹೊರಗೆ ತೆಗೆದು ಆಡಿ ನೋಡುವುದು, ತೊಂದರೆ ಹೋದರೆ ತೆಗೆದ ಅರ್ಧದಲ್ಲಿ, ಹೋಗದಿದ್ದರೆ ಉಳಿದ ಅರ್ಧದಲ್ಲಿ ಮತ್ತೆ ಹುಡುಕುವುದು. ಕಳೆದ ದೀಪಾವಳಿ ರಜೆಯಲ್ಲಿ ಎಲ್ಲಿಂದಲೋ ಇಳಿಸಿದ ಒಂದು ಹಳೆಯ ಬಾಗಿಲಿನ ಫೈಲಿನಿಂದ ತಂಗಿಯ ಸಿಮ್‌ಗಳು ಮನೆಯೊಳಗೆ ಹೋಗಲಾಗದೆ ಅಂಗಳದಲ್ಲೇ ನಿಂತಿದ್ದವು. ಅದನ್ನು ಹುಡುಕಲು ನಾವಿಬ್ಬರೂ ಎರಡು ದಿನ ಕೂತೆವು. ರಜೆ ಇದ್ದದ್ದು ನಾಲ್ಕು ದಿನ.

ಪ್ಯಾಕ್ ಕೊಳ್ಳುವುದಾದರೆ

ಸಿಸಿ ಬೇಡ, ಆದರೆ ಸ್ವಲ್ಪ ಹೆಚ್ಚು ಬೇಕು ಎನ್ನುವವರಿಗೆ ಇದು. ಪ್ಯಾಕುಗಳು ಅಗ್ಗವಲ್ಲ. ಪೂರ್ತಿ ಬೆಲೆ ಕೊಡಬೇಡಿ, ರಿಯಾಯಿತಿ ಆಗಾಗ ಬರುತ್ತದೆ, ಕಾಯಿರಿ.

ನಮ್ಮ ಕಡೆಯವರಿಗೆ ನಾನು ಮೊದಲು ಹೇಳುವುದು 2018ರ ಸೀಸನ್ಸ್. ಮಳೆ, ಗುಡುಗು, ಮಿಂಚು ಇದರಲ್ಲಿವೆ. ಒಂದು ಋತು 7, 14 ಅಥವಾ 28 ದಿನ ಇರಲಿ ಅಂತ ನೀವೇ ಆರಿಸಬಹುದು. ಕ್ಯಾಲೆಂಡರಿನಲ್ಲಿ ನಿಮ್ಮದೇ ಹಬ್ಬ ಸೇರಿಸಬಹುದು, ಆ ದಿನ ಏನೇನು ಮಾಡಬೇಕು ಅಂತಲೂ ಹೇಳಬಹುದು. ನಾನು ಯುಗಾದಿ, ಚೌತಿ, ದೀಪಾವಳಿ ಮೂರನ್ನೂ ಇಟ್ಟಿದ್ದೇನೆ. ಚೌತಿಯ ದಿನ ನನ್ನ ಸಿಮ್‌ಗಳು ನೆಂಟರನ್ನು ಕರೆದು ದೊಡ್ಡ ಊಟ ಮಾಡುತ್ತವೆ. ಒಂದು ಸಿಸಿಯೂ ಇಲ್ಲದೆ ಆಟ ನಮ್ಮದಾಗುವುದು ಹೀಗೆ.

ಸಮುದ್ರ ಬೇಕಾದರೆ 2019ರ ಐಲ್ಯಾಂಡ್ ಲಿವಿಂಗ್. ಅದರ ಸುಲಾನಿ ದ್ವೀಪದಲ್ಲಿ ಮೀನು ಹಿಡಿದೇ ಬದುಕಬಹುದು. ಕರೆಂಟು, ನೀರಿನ ಸಂಪರ್ಕವೇ ಇಲ್ಲದ ಮನೆಯಲ್ಲಿ ಬದುಕುವ ಆಯ್ಕೆಯೂ ಇದೆ. ಘಟ್ಟದ ಮೇಲಿನವರಿಗೆ 2021ರ ಕಾಟೇಜ್ ಲಿವಿಂಗ್ ಹೆಚ್ಚು ಹತ್ತಿರ: ಕೊಟ್ಟಿಗೆಯಲ್ಲಿ ಆಕಳು, ಅಂಗಳದಲ್ಲಿ ಕೋಳಿ, ಹಿತ್ತಲಲ್ಲಿ ತರಕಾರಿ. ಸಿಂಪಲ್ ಲಿವಿಂಗ್ ಎಂಬ ಸವಾಲು ಹಾಕಿಕೊಂಡರೆ ಸಾಮಾನು ಮನೆಯಲ್ಲಿ ಇದ್ದರೆ ಮಾತ್ರ ಅಡುಗೆ ಮಾಡಬಹುದು. ಈ ಮೂರರಲ್ಲಿ ಒಂದನ್ನೇ ಕೊಳ್ಳಬಲ್ಲೆ ಅಂದರೆ ಸೀಸನ್ಸ್ ಕೊಳ್ಳಿ.

ಸ್ಕ್ರಿಪ್ಟ್ ಮಾಡ್: ಬರೀ ಕಥೆ ಆಡುವವರಿಗೆ

ಬಟ್ಟೆ ಬದಲಾಗದಿದ್ದರೂ ಪರವಾಗಿಲ್ಲ, ಊರಿನ ಜನ ತಮ್ಮ ಪಾಡಿಗೆ ಮದುವೆಯಾಗಬೇಕು, ಮಕ್ಕಳಾಗಬೇಕು ಎನ್ನುವವರು ಎಂಸಿ ಕಮಾಂಡ್ ಸೆಂಟರ್ ಎಂಬ ಮಾಡ್ ಹಾಕಿಕೊಳ್ಳುತ್ತಾರೆ. ಈಗ ಆಟದಲ್ಲೇ ನೇಬರ್‌ಹುಡ್ ಸ್ಟೋರೀಸ್ ಇದೆ, ನೆರೆಮನೆಯವರಿಗೆ ಮಗು, ಹೊಸ ಕೆಲಸ ಎಲ್ಲ ಅದರಿಂದ ಆಗುತ್ತದೆ. ಮೊದಲು ಅದನ್ನು ನೋಡಿ.

ಸ್ಕ್ರಿಪ್ಟ್ ಮಾಡ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್. 2024ರ ಆರಂಭದಲ್ಲಿ ಕೆಲವು ಸಿಮ್ಸ್ ಮಾಡ್‌ಗಳ ಒಳಗೆ ಗುಪ್ತಪದ ಕದಿಯುವ ವೈರಸ್ ಸಿಕ್ಕಿತ್ತು. ಬಟ್ಟೆ, ಕುರ್ಚಿಯ ಫೈಲುಗಳ ಹೆಸರು ‘ಪ್ಯಾಕೇಜ್’ ಎಂದು ಮುಗಿಯುತ್ತದೆ, ಅವುಗಳಲ್ಲಿರುವುದು ಆಕಾರ, ಬಣ್ಣ. ‘ಟಿಎಸ್4ಸ್ಕ್ರಿಪ್ಟ್’ ಎಂದು ಮುಗಿಯುವ ಫೈಲು ಪ್ರೋಗ್ರಾಮ್. ಕುರ್ಚಿ ಇಳಿಸಲು ಹೋದಾಗ ಜೊತೆಗೆ ಅಂಥ ಫೈಲು ಬಂದರೆ ಯಾಕೆ ಬಂತು ಅಂತ ಯೋಚಿಸಿ. ಅದೇ ಲ್ಯಾಪ್‌ಟಾಪಿನಲ್ಲಿ ಮನೆಯವರ ಬ್ಯಾಂಕ್ ಕೆಲಸವೂ ನಡೆಯುತ್ತದೆ ಅಂದರೆ ಸ್ಕ್ರಿಪ್ಟ್ ಮಾಡ್ ಬೇಡವೇ ಬೇಡ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ

ಈಗಾಗಲೇ ಸಿಸಿ ತುಂಬಿಕೊಂಡು, ಒಮ್ಮೆ ಬಿಟ್ಟು ನೋಡಬೇಕು ಅನಿಸಿದವರು ಏನನ್ನೂ ಅಳಿಸಬೇಡಿ. ಆಟ ಮುಚ್ಚಿ, ಮಾಡ್ಸ್ ಫೋಲ್ಡರನ್ನು ಎತ್ತಿ ಡೆಸ್ಕ್‌ಟಾಪಿಗೆ ಹಾಕಿ. ಸೇವ್ಸ್ ಫೋಲ್ಡರಿನ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿಡಿ. ಲೋಕಲ್‌ಥಂಬ್‌ಕ್ಯಾಶ್ ಎಂಬ ಫೈಲು ಕಾಣುತ್ತದೆ, ಅದನ್ನು ಮಾತ್ರ ಅಳಿಸಬಹುದು, ಆಟ ಅದನ್ನು ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಆಮೇಲೆ ಹಳೆಯ ಕುಟುಂಬವನ್ನು ತೆರೆಯುವ ಬದಲು ಹೊಸದನ್ನೇ ಶುರು ಮಾಡಿ. ಹಳೆಯದನ್ನು ತೆರೆದರೆ ನಿಮ್ಮ ಸಿಮ್‌ಗಳ ಕೂದಲು ಹೋಗಿರುತ್ತದೆ, ಗೋಡೆಯ ಮೇಲಿನ ಚಿತ್ರಗಳು ಮಾಯವಾಗಿರುತ್ತವೆ, ನೋಡಿ ಬೇಸರವಾಗಿ ಅಲ್ಲೇ ಬಿಟ್ಟುಬಿಡುತ್ತೀರಿ.

ಸಿಸಿ ಇಲ್ಲದೆ ಆಡಿ, ಈಗ ಹಾಕಬೇಕು ಅನಿಸಿದವರು ಒಂದು ಸಲಕ್ಕೆ ಹತ್ತು ಫೈಲಿಗಿಂತ ಜಾಸ್ತಿ ಹಾಕಬೇಡಿ. ಹಾಕಿ, ಆಡಿ, ಸರಿಯಿದ್ದರೆ ಮುಂದಿನ ಹತ್ತು. ಯಾವುದನ್ನು ಎಲ್ಲಿಂದ ತಂದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಂಗಿ ಆ ಬಾಗಿಲಿನ ಪ್ರಸಂಗದ ಮೇಲೆ ಬರೆದಿಡುತ್ತಿದ್ದಾಳೆ, ಅದೂ ಅಡಿಕೆ ಲೆಕ್ಕದ ಹಳೆಯ ಪುಸ್ತಕದ ಹಿಂಬದಿಯಲ್ಲಿ. ಈ ಚೌತಿಗೆ ಅವಳು ಕುಮಟಾಕ್ಕೆ ಬಂದಾಗ ಅಜ್ಜಿಮನೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ. ಬಚ್ಚಲಿನ ಬಾಗಿಲನ್ನು ಎಡಕ್ಕೆ ಮಾಡಿ ಆಗಿದೆ.